ರುಬಿಕಾನ್ ದಾರಿಯಲ್ಲಿ ಹಾರೆ ಹಿಡಿದು

ಜೀಪ್ ರ‍್ಯಾಂಗ್ಲರ್ ಬಾನೆಟ್ಟಿನ ಪಕ್ಕದಲ್ಲಿ ‘ರುಬಿಕಾನ್’ ಎಂದು ಬರೆದಿರುವುದನ್ನು ಈಗ ಬೆಂಗಳೂರಿನ ರಸ್ತೆಗಳಲ್ಲೂ ನೋಡಬಹುದು. ತುಂಬಾ ಜನ ಅದನ್ನು ಬರೀ ಮಾಡೆಲ್ ಹೆಸರು ಅಂದುಕೊಂಡಿದ್ದಾರೆ. ಅದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿರುವ ಒಂದು ದಾರಿಯ ಹೆಸರು. ಪಶ್ಚಿಮದಲ್ಲಿ ಲೂನ್ ಲೇಕ್ ಮತ್ತು ವೆಂಟ್‌ವರ್ತ್ ಸ್ಪ್ರಿಂಗ್ಸ್ ಕಡೆಯಿಂದ ಹೊರಟು, ಪೂರ್ವದಲ್ಲಿ ಟಾಹೋ ಸರೋವರದ ದಂಡೆಯ ಟಹೋಮಾ ಹತ್ತಿರ ಇಳಿಯುತ್ತದೆ. ಒಟ್ಟು ಸುಮಾರು 22 ಮೈಲಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಬಂಡೆ. ಟೈರಿನ ಗಾಳಿ ಇಳಿಸಿ, ಗಾಡಿಯನ್ನು ಲೋ ಗೇರಿಗೆ ಹಾಕಿ ಹೊರಟರೆ ಪಕ್ಕದಲ್ಲಿ ನಡೆದು ಬರುವವರು ನಮಗಿಂತ ಮುಂದೆ ಹೋಗಿರುತ್ತಾರೆ.

ಇದು ಇವತ್ತು ನಿನ್ನೆಯ ದಾರಿ ಅಲ್ಲ. ಮೊದಲು ಇಲ್ಲಿನ ಮೂಲನಿವಾಸಿಗಳು ಬೆಟ್ಟ ದಾಟಲು ಬಳಸುತ್ತಿದ್ದ ಕಾಲುದಾರಿ. ಎಲ್ ಡೊರಾಡೊ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇದನ್ನು ಸಾರ್ವಜನಿಕ ರಸ್ತೆ ಎಂದು ಘೋಷಿಸಿದ್ದು 1887ರಲ್ಲಿ. ಆ ಕಾಲದಲ್ಲಿ ರುಬಿಕಾನ್ ಸ್ಪ್ರಿಂಗ್ಸ್ ಎಂಬಲ್ಲಿ ಖನಿಜ ನೀರಿನ ಬುಗ್ಗೆ ಇತ್ತು, ಅದರ ಪಕ್ಕ ಒಂದು ಹೋಟೆಲೂ ಇತ್ತು. ಜನ ಕುದುರೆ ಗಾಡಿಯಲ್ಲಿ ಹೋಗಿ ಉಳಿದು ಬರುತ್ತಿದ್ದರು. ಆಮೇಲೆ 1953ರಲ್ಲಿ ಜಾರ್ಜ್‌ಟೌನ್ ಎಂಬ ಸಣ್ಣ ಊರಿನಿಂದ ಮಾರ್ಕ್ ಸ್ಮಿತ್ ಮತ್ತು ಅವರ ಗೆಳೆಯರು ಈ ದಾರಿಯಲ್ಲಿ ಜೀಪುಗಳು ಒಟ್ಟಾಗಿ ಹೋಗುವ ‘ಜೀಪರ್ಸ್ ಜಾಂಬೊರಿ’ ಶುರು ಮಾಡಿದರು. ಹಾಗಾಗಿ ಜೀಪ್ ಇಟ್ಟುಕೊಂಡವರಿಗೆ ಈ ದಾರಿ ಅಂದರೆ ಒಂದು ಯಾತ್ರಾಸ್ಥಳ.

ನಾನಿರುವುದು ಸ್ಯಾಕ್ರಮೆಂಟೊ ಹತ್ತಿರದ ಫಾಲ್ಸಮ್‌ನಲ್ಲಿ. ಊರು ಮೂಡಿಗೆರೆ ಹತ್ತಿರ. ಕಾಫಿ ತೋಟದ ಮಣ್ಣು ದಾರಿಯಲ್ಲಿ ಅಪ್ಪನ ಹಳೇ ಮಹೀಂದ್ರ ಜೀಪ್ ಓಡಿಸಿ ಬೆಳೆದವನು. ಇಲ್ಲಿ ಸೆಕೆಂಡ್ ಹ್ಯಾಂಡ್ ರ‍್ಯಾಂಗ್ಲರ್ ತೆಗೆದುಕೊಂಡ ಮೇಲೆ ಪರಿಚಯದವರ ಜೊತೆ ಒಮ್ಮೆ ರುಬಿಕಾನ್‌ಗೆ ಹೋದೆ. ಲೂನ್ ಲೇಕ್ ಕಡೆಯ ಬಾಯಲ್ಲಿ ಒಂದು ಸಣ್ಣ ಗೂಡಂಗಡಿಯಂಥ ಕಟ್ಟೆ ಇದೆ. ಬೇಸಿಗೆಯ ವಾರಾಂತ್ಯದಲ್ಲಿ ಅಲ್ಲಿ ವಾಲಂಟಿಯರ್‌ಗಳು ಕೂತಿರುತ್ತಾರೆ. ಅವರು ನಗುತ್ತಾ ಮಾತಾಡಿಸಿ ಕೈಗೆ ಎರಡು ಸಾಮಾನು ಕೊಟ್ಟರು. ಒಂದು, ಮಲ ಹಾಕಿ ಕಟ್ಟಿಕೊಂಡು ವಾಪಸ್ ತರಬೇಕಾದ ಚೀಲ. ಇನ್ನೊಂದು, ಗಾಡಿಯಿಂದ ಆಯಿಲ್ ಸೋರಿದರೆ ಹೀರಿಕೊಳ್ಳುವ ಪ್ಯಾಡ್‌ಗಳ ಪೊಟ್ಟಣ. ಎರಡೂ ಬಿಟ್ಟಿ. “ಈ ದಾರಿ ಇನ್ನೂ ತೆರೆದಿರುವುದು ಇವೆರಡರಿಂದ” ಎಂದು ಅವರಲ್ಲೊಬ್ಬರು ಹೇಳಿದರು. ಸುಮ್ನೆ ಮಾತಿಗೆ ಹೇಳಿದ್ದಲ್ಲ ಅದು. ಹಿಂದೆ ನಡೆದದ್ದನ್ನು ಕೇಳಿ ತಿಳಿದುಕೊಂಡಾಗ ಅರ್ಥವಾಯಿತು.

ಇಲ್ಲಿ ಲಿಟಲ್ ಸ್ಲೂಸ್ ಎಂಬ ಬಂಡೆಗಳ ಕೊರಕಲು ಇದೆ. ಅದರ ಹತ್ತಿರವೇ ಸ್ಪೈಡರ್ ಲೇಕ್. ವಾರಾಂತ್ಯದಲ್ಲಿ ನೂರಾರು ಜನ ಅಲ್ಲೇ ಬೀಡು ಬಿಡುತ್ತಿದ್ದರು. ನೆಲ ಗ್ರಾನೈಟ್, ಮೇಲೆ ಗೇಣುದ್ದ ಮಣ್ಣೂ ಇಲ್ಲ. ಗುಂಡಿ ತೋಡಿ ಮುಚ್ಚಲು ಜಾಗವೇ ಇಲ್ಲ. 2004ರಲ್ಲಿ ಅಲ್ಲಿ ಮನುಷ್ಯರ ಮಲದ ಸಮಸ್ಯೆ ಎಷ್ಟು ಮಿತಿಮೀರಿತು ಅಂದರೆ, ಆರೋಗ್ಯಕ್ಕೆ ಅಪಾಯ ಅಂತ ಕೌಂಟಿ ಆ ಸರೋವರದ ಸುತ್ತಲ ಜಾಗವನ್ನೇ ಮುಚ್ಚಿಬಿಟ್ಟಿತು. ಆಮೇಲೆ 2009ರಲ್ಲಿ ದೊಡ್ಡ ಪೆಟ್ಟು ಬಂತು. ಸೆಂಟ್ರಲ್ ವ್ಯಾಲಿ ಪ್ರದೇಶದ ಜಲಗುಣಮಟ್ಟ ನಿಯಂತ್ರಣ ಮಂಡಳಿ, ಕೌಂಟಿಗೂ ಅರಣ್ಯ ಇಲಾಖೆಗೂ ಸೇರಿಸಿ ಒಂದು ಆದೇಶ ಹೊರಡಿಸಿತು. ಮಣ್ಣು ಕೊಚ್ಚಿ ಹಳ್ಳಕ್ಕೆ ಹೋಗುತ್ತಿದೆ, ಆಯಿಲ್ ಸೋರಿ ಬಂಡೆ ಮೇಲೆ ನಿಂತಿದೆ, ಮಲ ನೀರಿಗೆ ಸೇರುತ್ತಿದೆ, ಇದನ್ನೆಲ್ಲ ಸರಿ ಮಾಡಿ ಅನ್ನುವುದು ಅದರ ಸಾರ.

ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಆದೇಶ ಕೊಟ್ಟವರು ಯಾರು ಅನ್ನುವುದು. ಪ್ರಾಣಿಪಕ್ಷಿಯ ಇಲಾಖೆಯಲ್ಲ, ಪೊಲೀಸರಲ್ಲ, ನೀರು ನೋಡಿಕೊಳ್ಳುವವರು. ಈ ಕಣಿವೆಯ ರುಬಿಕಾನ್ ನದಿ ಅಮೆರಿಕನ್ ನದಿಯ ಮಧ್ಯ ಕವಲಿಗೆ ಸೇರುತ್ತದೆ. ಅಲ್ಲಿಂದ ಫಾಲ್ಸಮ್ ಜಲಾಶಯಕ್ಕೆ ಬರುತ್ತದೆ. ನಮ್ಮೂರಿನ ನಲ್ಲಿಗೆ ಬರುವುದು ಆ ಜಲಾಶಯದ ನೀರೇ. ಫಾಲ್ಸಮ್‌ನಲ್ಲಿ ಎಷ್ಟೋ ಕನ್ನಡದ ಮನೆಗಳಿವೆ. ಅವರೆಲ್ಲ ಬೆಳಗ್ಗೆ ಕಾಫಿಗೆ ಇಡುವ ನೀರು ಈ ಬೆಟ್ಟಗಳಿಂದಲೇ ಇಳಿದು ಬಂದದ್ದು. ಆಫ್‌ರೋಡ್ ಟ್ರೇಲ್ ಮುಚ್ಚುವುದು ಬೇಡ ಅನ್ನುವವನು ಮೊದಲು ಕೇಳಿಕೊಳ್ಳಬೇಕಾದದ್ದು ಗಾಡಿಯ ಬಗ್ಗೆ ಅಲ್ಲ, ನೀರಿನ ಬಗ್ಗೆ ಎಂದು ನನಗೆ ಹೊಳೆದದ್ದು ಅಲ್ಲಿ.

ಮುಂದಿನ ಬೇಸಿಗೆಗೆ ಕೆಲಸದ ತಂಡಕ್ಕೆ ಹೆಸರು ಕೊಟ್ಟೆ. ‘ಫ್ರೆಂಡ್ಸ್ ಆಫ್ ದಿ ರುಬಿಕಾನ್’ ಎಂಬ ಬಳಗ 2001ರಿಂದ ಈ ದಾರಿಗಾಗಿ ಜನರನ್ನು ಸೇರಿಸುತ್ತಾ ಬಂದಿದೆ. ಜೀಪ್ ಕ್ಲಬ್ಬುಗಳು, ಕೌಂಟಿ, ಅರಣ್ಯ ಇಲಾಖೆ ಎಲ್ಲ ಸೇರಿ ವರ್ಷಕ್ಕೆ ಕೆಲವು ವಾರಾಂತ್ಯ ಗುರುತು ಮಾಡುತ್ತಾರೆ. ಹಿಮ ಕರಗಿ ದಾರಿ ಒಣಗಿದ ಮೇಲೆ, ಅಂದರೆ ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಹೊತ್ತಿಗೆ, ಕೆಲಸ ಶುರುವಾಗುತ್ತದೆ. ನನ್ನ ಜೊತೆ ಕೊಪ್ಪದ ಕಡೆಯ ಗೆಳೆಯನೊಬ್ಬ ಹೊರಟ. “ಇಲ್ಲಿಗೆ ಬಂದೂ ಗುದ್ದಲಿ ಹಿಡಿಯೋದು ತಪ್ಪಲಿಲ್ಲ ಮಾರಾಯ” ಅಂದ. ಆದರೆ ಗ್ಲೌಸು, ಶೂಸು ತಂದು ಮೊದಲು ರೆಡಿಯಾದವನು ಅವನೇ.

ಹೈವೇ 50ರಲ್ಲಿ ಪೊಲಕ್ ಪೈನ್ಸ್ ದಾಟಿ, ಐಸ್ ಹೌಸ್ ರಸ್ತೆಗೆ ತಿರುಗಿ, ಬೆಟ್ಟ ಹತ್ತಿದರೆ ಲೂನ್ ಲೇಕ್. ಬೆಳಗ್ಗೆ ಅಲ್ಲಿ ಸೇರಿದವರಲ್ಲಿ ಎಲ್ಲಾ ವಯಸ್ಸಿನವರೂ ಇದ್ದರು. ಮೊದಲು ಕಾಗದದ ಕೆಲಸ. ವಾಲಂಟಿಯರ್ ಒಪ್ಪಂದದ ಹಾಳೆಗೆ ಸಹಿ, ತುರ್ತು ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು, ಏನಾದರೂ ಅಲರ್ಜಿ ಇದೆಯಾ. ಆಮೇಲೆ ಸುರಕ್ಷತೆಯ ಮಾತು. ಹೆಲ್ಮೆಟ್, ತುಂಬು ತೋಳಿನ ಅಂಗಿ, ಗಟ್ಟಿ ಬೂಟು, ಕನ್ನಡಕ, ಗ್ಲೌಸು. ಹಾರೆ ಹಿಡಿದವರ ನಡುವೆ ಎಷ್ಟು ದೂರ ಇರಬೇಕು, ಬಂಡೆ ಉರುಳಿಸುವಾಗ ಇಳಿಜಾರಿನ ಕೆಳಗೆ ಯಾರೂ ನಿಲ್ಲಬಾರದು, ವಿಂಚ್ (ಗಾಡಿಗೆ ಕೂರಿಸಿದ, ಹಗ್ಗ ಸುತ್ತಿ ಎಳೆಯುವ ಯಂತ್ರ) ಎಳೆಯುವಾಗ ಹಗ್ಗದ ಸಾಲಿನಲ್ಲಿ ಯಾರೂ ಇರಬಾರದು. ಚೈನ್‌ಸಾ ಮುಟ್ಟುವುದಕ್ಕೆ ಬೇರೆ ತರಬೇತಿ, ಬೇರೆ ಸರ್ಟಿಫಿಕೇಟ್ ಬೇಕು. ಅದು ಇಲ್ಲದವರು ಎಷ್ಟೇ ಬಲ್ಲವರಾಗಿರಲಿ, ಅರಣ್ಯ ಇಲಾಖೆಯ ಜಾಗದಲ್ಲಿ ಮರ ಕೊಯ್ಯುವ ಹಾಗಿಲ್ಲ.

ನಮ್ಮ ತಂಡಕ್ಕೆ ಮುಖ್ಯಸ್ಥೆಯಾಗಿದ್ದವರು ನಿವೃತ್ತ ಶಾಲಾ ಟೀಚರ್. ವಯಸ್ಸು ಎಪ್ಪತ್ತರ ಹತ್ತಿರ. ಅವರು ಹಾರೆ ಎತ್ತುವ ಮೊದಲು ನಮ್ಮನ್ನೆಲ್ಲ ದಾರಿಯ ಒಂದು ಇಳಿಜಾರಿನಲ್ಲಿ ನಿಲ್ಲಿಸಿ, “ಮಳೆ ಬಂದರೆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ, ಕೈ ಮಾಡಿ ತೋರಿಸಿ” ಅಂದರು. ತುಂಬಾ ಜನ ಹಳ್ಳದ ಕಡೆ ಕೈ ತೋರಿಸಿದರು. ನಮ್ಮ ಕೊಪ್ಪದವನು ದಾರಿಯ ನಡುವೆಯೇ ಬೆರಳು ಇಳಿಸಿ ತೋರಿಸಿದ. ಅದು ಸರಿ. ಗಾಡಿ ಓಡಾಡಿ ನಡುವೆ ತಗ್ಗಾದ ದಾರಿ ತಾನೇ ಹಳ್ಳವಾಗುತ್ತದೆ. ನೀರು ಅದರಲ್ಲೇ ಇಳಿಯುತ್ತದೆ, ಇಳಿಯುತ್ತಾ ವೇಗ ಹಿಡಿಯುತ್ತದೆ, ವೇಗ ಜಾಸ್ತಿ ಆದಷ್ಟೂ ಮಣ್ಣು ಎತ್ತಿಕೊಂಡು ಹೋಗುತ್ತದೆ.

ಇಲ್ಲಿನ ಮಣ್ಣು ಅಂದರೆ ಗ್ರಾನೈಟ್ ಪುಡಿಯಾಗಿ ಆದ ಒರಟು ಮರಳು. ಇಲ್ಲಿಯವರು ಅದನ್ನು ‘ಡಿ.ಜಿ.’ ಎನ್ನುತ್ತಾರೆ. ನಮ್ಮ ಮಲೆನಾಡಿನ ಜೇಡಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಲ್ಲುವುದಿಲ್ಲ. ಒಂದು ಬಿರುಮಳೆಗೆ, ಇಲ್ಲವೇ ವಸಂತದಲ್ಲಿ ಹಿಮ ಕರಗಿದ ನೀರಿಗೆ, ಸಲೀಸಾಗಿ ಹೊರಟುಬಿಡುತ್ತದೆ. ಆ ಮರಳು ಹೋಗಿ ಹಳ್ಳದ ತಳದ ಬೆಣಚುಕಲ್ಲಿನ ಸಂದು ತುಂಬುತ್ತದೆ. ಟ್ರೌಟ್ ಮೀನು ಮೊಟ್ಟೆ ಇಡುವುದು ಆ ಸಂದುಗಳಲ್ಲೇ. ಮೊಟ್ಟೆಗೆ ನೀರಾಡದೆ ಉಸಿರು ಕಟ್ಟುತ್ತದೆ.

ಹಾಗಾಗಿ ಇಡೀ ಕೆಲಸದ ಗುರಿ ಒಂದೇ. ನೀರು ದಾರಿಯಲ್ಲಿ ಜಾಸ್ತಿ ದೂರ ಓಡುವ ಮೊದಲೇ ಅದನ್ನು ಪಕ್ಕಕ್ಕೆ ಇಳಿಸಬೇಕು. ಇಳಿಸಿದ ಜಾಗದಲ್ಲಿ ಅದು ಮಣ್ಣನ್ನು ಬಿಟ್ಟು, ತಿಳಿಯಾಗಿ ಕಾಡಿಗೆ ಇಂಗಬೇಕು. ನೇರವಾಗಿ ಹಳ್ಳಕ್ಕೆ ಬೀಳಬಾರದು.

ಇದಕ್ಕೆ ಎರಡು ಬಗೆ. ಒಂದು, ದಾರಿಗೆ ಓರೆಯಾಗಿ ಕಲ್ಲು ಮಣ್ಣಿನ ದಿಬ್ಬ ಹಾಕುವುದು, ವಾಟರ್ ಬಾರ್. ಕಾಲುದಾರಿಗೆ ಇದು ಸಾಕು. ಆದರೆ ದೊಡ್ಡ ಟೈರಿನ ಗಾಡಿ ದಿನಾ ಹತ್ತಿ ಇಳಿದರೆ ದಿಬ್ಬದ ತಲೆ ಸವೆದು ಹೋಗುತ್ತದೆ, ನೀರು ಮತ್ತೆ ನಡುವಿಗೇ ಬರುತ್ತದೆ. ಇನ್ನೊಂದು ರೋಲಿಂಗ್ ಡಿಪ್. ದಾರಿಯನ್ನೇ ಉದ್ದಕ್ಕೆ ನಿಧಾನವಾಗಿ ತಗ್ಗಿಸಿ, ಮತ್ತೆ ಎತ್ತಿ, ತಗ್ಗಿನ ತಳ ಹೊರಗಿನ ಅಂಚಿಗೆ ವಾಲುವ ಹಾಗೆ ಮಾಡುವುದು. ಗಾಡಿಗೆ ಅದು ಒಂದು ಮೆತ್ತನೆಯ ಅಲೆ ಅಷ್ಟೇ. ನೀರಿಗೆ ಅದೇ ಬಾಗಿಲು. ತಳಕ್ಕೆ ದಪ್ಪ ಕಲ್ಲು ಹಾಸಿದರೆ ಟೈರು ಎಷ್ಟೇ ಉಜ್ಜಿದರೂ ಬಾಳಿಕೆ ಬರುತ್ತದೆ. 2009ರ ಆದೇಶದ ನಂತರ ಕೌಂಟಿ ಇಂಥ ಡಿಪ್‌ಗಳನ್ನು ಮಿಷನ್ನುಗಳಿಂದ ಮಾಡಿಸಿದೆ. ಹಳ್ಳ ದಾಟುವ ಕಡೆ, ಎಲಿಸ್ ಕ್ರೀಕ್‌ನಂಥ ಜಾಗದಲ್ಲಿ, ಸೇತುವೆ ಕಟ್ಟಿಸಿದೆ. ಮೊದಲು ಗಾಡಿಗಳು ನೀರಿನೊಳಗೇ ಇಳಿದು ದಾಟುತ್ತಿದ್ದವು.

ಮಿಷನ್ನು ಬಂದು ಮಾಡಿ ಹೋದರೆ ಮುಗಿಯಲಿಲ್ಲ. ಡಿಪ್ಪಿನ ಬಾಯಲ್ಲಿ ವರ್ಷ ವರ್ಷ ಮರಳು ತುಂಬುತ್ತದೆ, ಪೈನ್ ಎಲೆ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆಯುವುದು ಕೈಕೆಲಸ. ನಮ್ಮ ದಿನದ ಹೆಚ್ಚಿನ ಪಾಲು ಹೋದದ್ದು ಅದಕ್ಕೇ. ಮೆಕ್ಲಾಡ್ ಎಂಬ ಒಂದು ಹತ್ಯಾರು ಇದೆ, ಒಂದು ಕಡೆ ಅಗಲ ಬಾಯಿ, ಇನ್ನೊಂದು ಕಡೆ ದಪ್ಪ ಹಲ್ಲು. ಕೆರೆದು, ಎಳೆದು, ತಟ್ಟಿ ಗಟ್ಟಿ ಮಾಡಲು ಅದೊಂದೇ ಸಾಕು. ಎತ್ತಿದ ಮರಳನ್ನು ಅಲ್ಲೇ ಕೆಳಗೆ ಸುರಿಯಲು ಬಿಡುವುದಿಲ್ಲ. ಬಕೆಟ್ಟಿನಲ್ಲಿ ತುಂಬಿ, ನೀರು ಹರಿಯದ ಮೇಲಿನ ಜಾಗಕ್ಕೆ ಹೊರಬೇಕು. ಬಿಸಿಲು ಚೆನ್ನಾಗಿಯೇ ಇತ್ತು. ಏಳು ಸಾವಿರ ಅಡಿಯ ಹತ್ತಿರದ ಎತ್ತರದಲ್ಲಿ ಬಕೆಟ್ ಹೊತ್ತರೆ ಉಸಿರು ಬೇಗ ಬಿಗಿಯುತ್ತದೆ. ಆದರೂ ಯಾರೂ ಆತುರ ಮಾಡಲಿಲ್ಲ. ಒಂದು ಡಿಪ್ ಮುಗಿದ ಮೇಲೆ ಮುಖ್ಯಸ್ಥೆ ಬಂದು ಒಂದು ಕ್ಯಾನ್ ನೀರು ಸುರಿದು ನೋಡುತ್ತಿದ್ದರು. ನೀರು ಅಂಚಿಗೆ ಹೋಗಿ ಇಳಿದರೆ ಪಾಸ್. ನಡುವೆ ನಿಂತರೆ ಮತ್ತೆ ಕೆರೆಯಬೇಕು.

ಆ ರಾತ್ರಿ ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಚರಂಡಿ ಬಾಯಿ ಬಿಡಿಸಿದ ಮೇಲೆ ಕೆಳಗೆ ಏನು ಹಾಕಿದ್ರಿ? ಬೀಳೋ ಜಾಗದಲ್ಲಿ ಕಲ್ಲು ಇಡದೇ ಇದ್ರೆ ಅಲ್ಲೇ ಕೊರೀತದೆ ನೋಡು.” ಮರುದಿನ ನಾವು ಮಾಡಿದ್ದು ಅದನ್ನೇ, ಡಿಪ್ಪಿನ ಬಾಯಿಯ ಕೆಳಗೆ ಕಲ್ಲು ಹಾಸುವುದು. ಮೂಡಿಗೆರೆ ಕಡೆ ಮಳೆಗಾಲಕ್ಕೆ ಮುಂಚೆ ತೋಟದ ಬಸಿಗಾಲುವೆ ಬಿಡಿಸದೆ ಯಾರೂ ಇರುವುದಿಲ್ಲ. ಜೀಪ್ ದಾರಿಯಂತೂ ಒಂದು ವರ್ಷ ಬಿಟ್ಟರೆ ಸಾಕು, ಕೊರಕಲು ಬಿದ್ದು ಫಸಲು ಸಾಗಿಸಲು ಆಗುವುದಿಲ್ಲ. ಅಪ್ಪನಿಗೆ ಗೊತ್ತಿದ್ದ ಈ ವಿದ್ಯೆ ಸಿಯೆರಾ ಬೆಟ್ಟದಲ್ಲಿ ಹೀಗೆ ಕೆಲಸಕ್ಕೆ ಬಂತು ಅಂತ ನನಗೆ ಹೆಮ್ಮೆಯಾಯಿತು. ಅವರಿಗೂ ಆಯಿತು, ಅವರು ಬಾಯಿಬಿಟ್ಟು ಹೇಳುವವರಲ್ಲ.

ಎರಡನೆಯ ದೊಡ್ಡ ಕೆಲಸ ಅಡ್ಡದಾರಿಗಳನ್ನು ಮುಚ್ಚುವುದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗಾಡಿ ಓಡಿಸುವವರಿಗೆ ಇದು ಬೇಗ ಮನಸ್ಸಿಗೆ ಇಳಿಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆ 2005ರಲ್ಲಿ ಒಂದು ನಿಯಮ ತಂದಿತು. ಪ್ರತಿ ರಾಷ್ಟ್ರೀಯ ಅರಣ್ಯವೂ ಯಾವ ದಾರಿಯಲ್ಲಿ ಯಾವ ಗಾಡಿ, ಯಾವ ಕಾಲದಲ್ಲಿ ಹೋಗಬಹುದು ಎಂದು ಗುರುತಿಸಿ ನಕ್ಷೆ ಮಾಡಬೇಕು. ಆ ನಕ್ಷೆಯಲ್ಲಿ ಇಲ್ಲದ ಕಡೆ ಮೋಟಾರು ಗಾಡಿ ಹೋಗುವ ಹಾಗಿಲ್ಲ. ಅಲ್ಲಿ ಟೈರಿನ ಗುರುತು ಇದ್ದರೂ ಅಷ್ಟೇ. ಅಂದರೆ ದಾರಿಯ ಹಕ್ಕು ಈಗ ನಕ್ಷೆಯ ಗೆರೆಯಲ್ಲಿದೆ.

ಈಗ ಒಂದು ಕಷ್ಟದ ಬಂಡೆ ಬಂತು ಅಂದುಕೊಳ್ಳಿ. ಒಬ್ಬ ಹತ್ತಲಾಗದೆ ಪಕ್ಕದ ಹುಲ್ಲಿನ ಮೇಲೆ ತಿರುಗಿಸಿ ಹೋಗುತ್ತಾನೆ. ಹಿಂದಿನವನಿಗೆ ಎರಡು ಗೆರೆ ಕಾಣುತ್ತದೆ, ಅವನೂ ಹೋಗುತ್ತಾನೆ. ವಾರಾಂತ್ಯ ಮುಗಿಯುವ ಹೊತ್ತಿಗೆ ಅದು ದಾರಿಯ ಹಾಗೇ ಕಾಣತೊಡಗುತ್ತದೆ. ಹುಲ್ಲು ಸತ್ತು, ಬೇರು ಸಡಿಲವಾಗಿ, ಮುಂದಿನ ಹಿಮ ಕರಗುವಾಗ ನೀರು ಆ ಗೆರೆಯನ್ನೇ ಹಿಡಿಯುತ್ತದೆ. ಎತ್ತರದ ಬೆಟ್ಟದಲ್ಲಿ ಬೆಳೆಯುವ ಕಾಲ ವರ್ಷಕ್ಕೆ ಕೆಲವೇ ತಿಂಗಳು. ಕೆಟ್ಟ ಹುಲ್ಲುಗಾವಲು ಬೇಗ ಚೇತರಿಸಿಕೊಳ್ಳುವುದಿಲ್ಲ. ದಾರಿ ಮುಚ್ಚಿ ಅಂತ ಕೋರ್ಟಿಗೆ ಹೋಗುವವರ ಕೈಗೆ ಸಿಗುವ ಫೋಟೋ ಇಂಥದ್ದೇ. ಆ ಫೋಟೋ ಸುಳ್ಳೂ ಅಲ್ಲ.

ನಾವು ಮಾಡಿದ್ದು ಇಷ್ಟು. ಅಡ್ಡದಾರಿಯ ಬಾಯಿಗೆ ದೊಡ್ಡ ಬಂಡೆಗಳನ್ನು ಹಾರೆಯಿಂದ ಮೀಟಿ ಉರುಳಿಸಿದೆವು. ಬಂಡೆಯನ್ನು ಸುಮ್ನೆ ಇಟ್ಟರೆ ವಿಂಚ್ ಹಾಕಿ ಎಳೆದುಬಿಡುತ್ತಾರೆ, ಆದ್ದರಿಂದ ಮೂರನೇ ಒಂದು ಪಾಲು ನೆಲದಲ್ಲಿ ಹೂಳಬೇಕು. ಒಳಗಿನ ಗೆರೆಯನ್ನು ಹಾರೆಯಿಂದ ಎಬ್ಬಿಸಿ ಸಡಿಲ ಮಾಡಿ, ಮೇಲೆ ಒಣಗಿದ ಕೊಂಬೆ, ಪೈನ್ ಎಲೆ ಹರಡಿದೆವು. ಬೀಜ ಬಿದ್ದರೆ ನಿಲ್ಲಲಿ, ನೀರಿಗೆ ತಡೆಯೂ ಆಗಲಿ, ಮುಖ್ಯವಾಗಿ ಅದು ದಾರಿಯ ಹಾಗೆ ಕಾಣದಿರಲಿ ಅಂತ. ಜೊತೆಗಿದ್ದ ಅರಣ್ಯ ಇಲಾಖೆಯ ಹುಡುಗ ಹೇಳಿದ: ಬೋರ್ಡ್ ಹಾಕಿದರೆ ಜಗಳ ಬರುತ್ತದೆ, ಕೊಂಬೆ ಹಾಕಿದರೆ ಜನಕ್ಕೆ ಅಲ್ಲೊಂದು ದಾರಿ ಇತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಒಂದು ಬೇಸಿಗೆ ಬಿಟ್ಟು ಹೋಗಿ ನೋಡಿದಾಗ ನಾವು ಮುಚ್ಚಿದ ಒಂದು ಜಾಗವನ್ನು ಹುಡುಕುವುದೇ ಕಷ್ಟವಾಯಿತು. ಅಲ್ಲಿ ಮನ್ಜನೀಟಾ ಪೊದೆಯ ಸಣ್ಣ ಸಸಿಗಳು ಎದ್ದಿದ್ದವು. ನನಗೆ ಆ ದಿನ ಬಂಡೆ ಹತ್ತಿದ್ದಕ್ಕಿಂತ ಜಾಸ್ತಿ ಖುಷಿ ಅದರಿಂದ.

ನಾವು ಕೆಲಸದಲ್ಲಿದ್ದಾಗ ಒಂದು ಗಾಡಿಯ ಡಿಫರೆನ್ಷಿಯಲ್ ಕವರ್ (ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯ ಮುಚ್ಚಳ) ಬಂಡೆಗೆ ತಾಗಿ ಬಿರುಕು ಬಿಟ್ಟಿತು. ದಪ್ಪನೆಯ ಗೇರ್ ಆಯಿಲ್ ಗ್ರಾನೈಟ್ ಮೇಲೆ ಇಳಿಯತೊಡಗಿತು. ಅದರ ಹಿಂದೆ ಮುಂದೆ ಇದ್ದವರೆಲ್ಲ ಏನೂ ಹೇಳಿಸಿಕೊಳ್ಳದೆ ತಮ್ಮ ತಮ್ಮ ಪ್ಯಾಡ್ ತಂದರು. ಒಬ್ಬರು ಕೆಳಗೆ ಟ್ರೇ ಇಟ್ಟರು, ಇನ್ನೊಬ್ಬರು ಆಯಿಲ್ ಹರಿಯುವ ಕಡೆ ಪ್ಯಾಡ್ ಸುತ್ತಿ ಒಡ್ಡು ಹಾಕಿದರು. ಒದ್ದೆಯಾದ ಮರಳನ್ನೂ ಕೆರೆದು ಚೀಲಕ್ಕೆ ತುಂಬಿದರು. ಗಾಡಿ ರಿಪೇರಿಗೆ ಕೈ ಹಾಕಿದ್ದು ಇದೆಲ್ಲ ಮುಗಿದ ಮೇಲೆ. ಈ ಕ್ರಮ ನನಗೆ ಬಹಳ ಹಿಡಿಸಿತು. ಯಾರೂ ಚಾಲಕನನ್ನು ಬೈಯಲಿಲ್ಲ. ಬಂಡೆಯ ದಾರಿಯಲ್ಲಿ ಗಾಡಿ ಒಡೆಯುವುದು ಇದ್ದದ್ದೇ. ಆಯಿಲ್ ಅಲ್ಲೇ ಬಿಟ್ಟು ಬರುವುದು ಮಾತ್ರ ಇಲ್ಲಿ ಯಾರಿಗೂ ಒಪ್ಪಿತವಲ್ಲ.

ಮಲದ ಚೀಲದ ವಿಷಯ ಹೇಳಲು ಕೆಲವರಿಗೆ ಸಂಕೋಚ. ನಾನು ಬಿಚ್ಚಿಯೇ ಹೇಳುತ್ತೇನೆ. ಚೀಲದೊಳಗೆ ಒಂದು ಪುಡಿ ಇರುತ್ತದೆ. ಅದು ಒದ್ದೆಯನ್ನು ಹೀರಿ ಗಟ್ಟಿ ಮಾಡುತ್ತದೆ, ವಾಸನೆಯನ್ನೂ ತಡೆಯುತ್ತದೆ. ಹೊರಗೆ ಇನ್ನೊಂದು ದಪ್ಪ ಚೀಲ. ಕಟ್ಟಿ ಗಾಡಿಯ ಹಿಂದಿನ ಡಬ್ಬಿಗೆ ಹಾಕಿದರೆ ಮುಗಿಯಿತು, ಊರಿಗೆ ಬಂದು ಕಸಕ್ಕೆ. ಮಕ್ಕಳನ್ನು ಕರೆದುಕೊಂಡು ಬಂದ ಮನೆಯವರೂ ಇದನ್ನು ಸಲೀಸಾಗಿ ಮಾಡುತ್ತಾರೆ. ದಾರಿಯ ಕೆಲವು ಕಡೆ ಈಗ ಶೌಚಾಲಯಗಳೂ ಇವೆ. ಒಂದು ಕಾಲಕ್ಕೆ ಮುಚ್ಚಿದ್ದ ಸ್ಪೈಡರ್ ಲೇಕ್ ಸುತ್ತ ಇವತ್ತು ನಡೆದಾಡಿದರೆ ಮೂಗು ಮುಚ್ಚಬೇಕಾಗಿಲ್ಲ. ಇಷ್ಟು ಸಣ್ಣ ಅಭ್ಯಾಸದಿಂದ ಅಷ್ಟು ದೊಡ್ಡ ಬದಲಾವಣೆ ಆಗಿದ್ದು ನಿಜ.

ಕೆಲಸ ಮುಗಿದ ಮೇಲೆ ಮತ್ತೆ ಒಂದು ಹಾಳೆ ಬರುತ್ತದೆ. ಹೆಸರು, ಬಂದ ಹೊತ್ತು, ಹೋಗುವ ಹೊತ್ತು, ಏನು ಕೆಲಸ, ಸ್ವಂತ ಗಾಡಿ ಬಳಸಿದ್ದೀರಾ. ನಮ್ಮ ಕೊಪ್ಪದವನು, “ಸೇವೆಗೂ ಹಾಜರಿ ಯಾಕೆ?” ಎಂದು ಕೇಳಿದ. ಮುಖ್ಯಸ್ಥೆ ಕೂತು ವಿವರಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲೇ ಆಫ್‌ರೋಡ್ ಗಾಡಿಗಳಿಗೆ ಬೇರೆ ಕಾನೂನು ಬಂದಿದೆ. ಈ ಗಾಡಿಗಳ ನೋಂದಣಿ ಶುಲ್ಕ, ಆಫ್‌ರೋಡ್ ಓಡಾಟಕ್ಕೆ ಸುಡುವ ಪೆಟ್ರೋಲಿನ ತೆರಿಗೆಯ ಒಂದು ಪಾಲು, ಇವೆಲ್ಲ ಒಂದು ನಿಧಿಗೆ ಹೋಗುತ್ತವೆ. ಟ್ರೇಲ್ ನೋಡಿಕೊಳ್ಳಲು ಕೌಂಟಿಗಳು, ಅರಣ್ಯ ಇಲಾಖೆ, ಸಂಘಗಳು ಆ ನಿಧಿಯಿಂದ ಅನುದಾನ ಕೇಳಬಹುದು. ಕೇಳುವವರು ತಮ್ಮ ಪಾಲನ್ನೂ ತೋರಿಸಬೇಕು. ವಾಲಂಟಿಯರ್‌ಗಳ ದುಡಿಮೆಯ ಗಂಟೆಗೆ ಬೆಲೆ ಕಟ್ಟಿ ಆ ಪಾಲಿನಲ್ಲಿ ಸೇರಿಸಬಹುದು. ಬರೆಯದೆ ಹೋದ ಗಂಟೆ ಲೆಕ್ಕಕ್ಕೆ ಸಿಗುವುದಿಲ್ಲ. ಅಂದರೆ ನಾನು ಹೊತ್ತ ಬಕೆಟ್ ಮರಳು ಮುಂದಿನ ವರ್ಷ ಸೇತುವೆಯ ಕಲ್ಲಿಗೋ, ಶೌಚಾಲಯ ಖಾಲಿ ಮಾಡಿಸುವ ಲಾರಿಗೋ ಹಣವಾಗುತ್ತದೆ. ಅಂದಿನಿಂದ ಅವನು ಹಾಳೆ ತುಂಬಲು ಎಲ್ಲರಿಗಿಂತ ಮೊದಲು ನಿಲ್ಲುತ್ತಾನೆ.

ಕೆಲಸ ಹಾರೆಗೇ ಮುಗಿಯುವುದಿಲ್ಲ ಅನ್ನುವುದು ನನಗೆ ತಿಳಿದದ್ದು ಚಳಿಗಾಲದಲ್ಲಿ. ದಾರಿ ಹಿಮದಡಿ ಇದ್ದಾಗ ಸಭೆಗಳು ನಡೆಯುತ್ತವೆ. ಕೌಂಟಿಯವರು ಮುಂದಿನ ವರ್ಷದ ಕೆಲಸದ ಪಟ್ಟಿ ಮುಂದಿಡುತ್ತಾರೆ. ಬಂದವರು ಯಾವ ಡಿಪ್ ಕೆಟ್ಟಿದೆ, ಎಲ್ಲಿ ಬೋರ್ಡ್ ಬಿದ್ದಿದೆ ಎಂದು ಹೇಳುತ್ತಾರೆ. ಕಾಡಿನ ಪರವಾಗಿ ಮಾತಾಡುವವರೂ ಬರುತ್ತಾರೆ, ಖಾರವಾಗಿಯೇ ಮಾತಾಡುತ್ತಾರೆ. ನಾನು ಅವರನ್ನು ಎದುರಾಳಿ ಎಂದು ನೋಡುವುದನ್ನು ಬಿಟ್ಟಿದ್ದೇನೆ. 2009ರ ಆದೇಶ ಬರದೇ ಇದ್ದಿದ್ದರೆ ಸೇತುವೆಗಳೂ ಬರುತ್ತಿರಲಿಲ್ಲ, ಡಿಪ್‌ಗಳೂ ಆಗುತ್ತಿರಲಿಲ್ಲ, ದಾರಿ ಇಷ್ಟು ಹೊತ್ತಿಗೆ ಪೂರ್ತಿ ಮುಚ್ಚಿರುತ್ತಿತ್ತು ಎಂದೇ ನನ್ನ ಅನಿಸಿಕೆ. ಆ ಆದೇಶವನ್ನು ಪಾಲಿಸುವ ಹಾದಿಯಲ್ಲೇ ಅರಣ್ಯ ಇಲಾಖೆ 2012ರಲ್ಲಿ ತನ್ನ ಜಾಗದಲ್ಲಿ ಈ ದಾರಿಯ ಹಕ್ಕನ್ನು ಬರವಣಿಗೆಯಲ್ಲಿ ಕೌಂಟಿಗೆ ಕೊಟ್ಟಿತು. ದಾರಿ ಯಾರದು, ಯಾರು ನೋಡಿಕೊಳ್ಳಬೇಕು ಅನ್ನುವ ಗೊಂದಲ ಅಲ್ಲಿಗೆ ಬಗೆಹರಿಯಿತು.

ಸಭೆಯಲ್ಲಿ ಮಾತಾಡಲು ನನಗೆ ಹಿಂಜರಿಕೆ ಇತ್ತು. ಹೊರಗಿನಿಂದ ಬಂದವನು, ಉಚ್ಚಾರಣೆ ಬೇರೆ. ಆದರೆ ಫಾಲ್ಸಮ್‌ನಲ್ಲಿ ಈ ನೀರು ಕುಡಿಯುವವನು ನಾನು, ಈ ದಾರಿಯಲ್ಲಿ ಗಾಡಿ ಓಡಿಸುವವನೂ ನಾನೇ, ಎರಡೂ ಉಳಿಯಬೇಕು ಎಂದು ಎದ್ದು ಹೇಳಿದೆ. ಅದಕ್ಕೆ ಎರಡೂ ಕಡೆಯವರು ತಲೆ ಆಡಿಸಿದರು.

ದಾರಿ ಒದ್ದೆ ಇದ್ದಾಗ ಹೋಗದೇ ಇರುವುದು ಎಲ್ಲಕ್ಕಿಂತ ಅಗ್ಗದ ಸೇವೆ. ಎಲ್ ಡೊರಾಡೊ ರಾಷ್ಟ್ರೀಯ ಅರಣ್ಯದಲ್ಲಿ ಜನವರಿಯಿಂದ ಮಾರ್ಚ್ ಕೊನೆಯವರೆಗೆ ಮಣ್ಣು ರಸ್ತೆಗಳಿಗೆ ಬಾಗಿಲು ಹಾಕುತ್ತಾರೆ. ಬಾಗಿಲು ತೆರೆದ ಮೇಲೂ ನೋಡಿಕೊಂಡು ಹೋಗಬೇಕು. ಟೈರಿನ ಗುರುತು ಆಳವಾಗಿ ಕೂರುತ್ತಿದೆ ಅಂದರೆ ತಿರುಗಿ ಬರುವ ಹೊತ್ತು. ಶನಿವಾರ ಬೆಳಗ್ಗೆ ಅಷ್ಟು ದೂರ ಹೋಗಿ ತಿರುಗಿ ಬರುವುದು ಬೇಸರದ ಕೆಲಸವೇ. ಆದರೆ ಆ ಒಂದು ದಿನದ ಓಡಾಟ ಮಾಡುವ ಹಾಳನ್ನು ರಿಪೇರಿ ಮಾಡಲು ಬಕೆಟ್ ಹೊತ್ತವನಿಗೆ ಅದರ ಬೆಲೆ ಗೊತ್ತು. ಇನ್ನು ವಿಂಚ್ ಕಟ್ಟುವಾಗ ಮರಕ್ಕೆ ನೇರವಾಗಿ ಕೇಬಲ್ ಸುತ್ತಬಾರದು, ಅಗಲವಾದ ಪಟ್ಟಿ ಹಾಕಬೇಕು. ತೊಗಟೆ ಸುತ್ತ ಕೊಯ್ದರೆ ಮರ ಸಾಯುತ್ತದೆ. ಇಂಥ ಪಾಠಗಳನ್ನು ಹೇಳಿಕೊಡಲೆಂದೇ ಅರಣ್ಯ ಇಲಾಖೆ 1985ರಲ್ಲಿ ‘ಟ್ರೆಡ್ ಲೈಟ್ಲಿ’ ಎಂಬ ಕಾರ್ಯಕ್ರಮ ಶುರು ಮಾಡಿತು, ಆಮೇಲೆ ಅದು ಸ್ವತಂತ್ರ ಸಂಸ್ಥೆಯಾಗಿ ಬೆಳೆಯಿತು.

ರಜೆಗೆ ಊರಿಗೆ ಬಂದಾಗ ಇದೆಲ್ಲ ತಲೆಯಲ್ಲಿ ಸುತ್ತುತ್ತದೆ. ನಮ್ಮಲ್ಲಿ ಕಾಡಿನ ಜಾಗ ಬಹುಪಾಲು ಮೀಸಲು ಅರಣ್ಯ ಇಲ್ಲವೇ ಅಭಯಾರಣ್ಯ. ಅಲ್ಲಿ ಅನುಮತಿ ಇಲ್ಲದೆ ಸ್ವಂತ ಗಾಡಿ ನುಗ್ಗಿಸುವುದು ಅಪರಾಧ, ಅದು ಹಾಗೇ ಇರಬೇಕು. ಶೋಲಾ ಕಾಡಿನ ಸುತ್ತಲ ಹುಲ್ಲುಗುಡ್ಡದ ಮಣ್ಣು ತೆಳು. ಒಂದು ಜೀಪ್ ಗೆರೆ ಬಿದ್ದರೆ ಘಟ್ಟದ ಮಳೆಗೆ ಅದು ಕೊರಕಲಾಗಲು ಎಷ್ಟು ಹೊತ್ತು? ಕಾಲುದಾರಿಗಳ ಕಥೆಯೂ ಬೇರೆಯಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಮ್ಮೆಗೇ ಸೇರಿದ್ದನ್ನು ನೋಡಿ ಸರ್ಕಾರ ಚಾರಣಗಳನ್ನೇ ನಿಲ್ಲಿಸಿತು. ಆಮೇಲೆ ಆನ್‌ಲೈನ್ ಬುಕಿಂಗ್ ಇಟ್ಟು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ತೆರೆಯಿತು. ಮಿತಿ ಬೇಕಾದದ್ದೇ. ಆದರೆ ಹೋಗುವವರೇ ಮಳೆಗಾಲಕ್ಕೆ ಮುಂಚೆ ಒಂದು ದಿನ ಬಂದು, ಇಲಾಖೆಯವರ ಕಣ್ಣೆದುರಿಗೇ ದಾರಿಯ ನೀರು ತಿರುಗಿಸಿ, ಅಡ್ಡದಾರಿ ಮುಚ್ಚಿ, ಆ ಗಂಟೆಗಳನ್ನು ಬರೆದಿಟ್ಟು ಹೋಗುವಂತಾದರೆ? ಅಪ್ಪನಂಥವರು ಮಲೆನಾಡಿನ ತುಂಬ ಇದ್ದಾರೆ. ನೀರು ಹೇಗೆ ಇಳಿಯುತ್ತದೆ ಅನ್ನುವುದನ್ನು ಅವರು ಕಲಿಸಬಲ್ಲರು. ಚಾರಣ ಮಾಡುವ, ಜೀಪ್ ಓಡಿಸುವ ಗೆಳೆಯರಿಗೆ ಸಿಕ್ಕಾಗಲೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಸ್ಯಾಕ್ರಮೆಂಟೊ ಸುತ್ತಮುತ್ತ, ಬೇ ಏರಿಯಾದಲ್ಲಿ ಇರುವ ಕನ್ನಡದವರು ಬರುವುದಾದರೆ, ಜೀಪ್ ಇರಲೇಬೇಕು ಅಂತ ಇಲ್ಲ. ಲೂನ್ ಲೇಕ್‌ವರೆಗೆ ಸಾದಾ ಕಾರು ಬರುತ್ತದೆ, ಅಲ್ಲಿಂದ ಯಾರಾದರೂ ಹತ್ತಿಸಿಕೊಳ್ಳುತ್ತಾರೆ. ಗಟ್ಟಿ ಬೂಟು, ತುಂಬು ತೋಳಿನ ಅಂಗಿ, ಚರ್ಮದ ಗ್ಲೌಸು, ಟೋಪಿ, ದಿನಕ್ಕಾಗುವಷ್ಟು ನೀರು ತನ್ನಿ. ಹೆಲ್ಮೆಟ್ಟು, ಹಾರೆ ಅವರೇ ಕೊಡುತ್ತಾರೆ. ಮಧ್ಯಾಹ್ನದ ಊಟ ಸಾಮಾನ್ಯವಾಗಿ ಯಾವುದಾದರೂ ಕ್ಲಬ್ಬಿನವರು ಮಾಡುತ್ತಾರೆ. ಮಾಂಸ ತಿನ್ನದವರು ಬುತ್ತಿ ಕಟ್ಟಿಕೊಂಡು ಬರುವುದು ಒಳ್ಳೆಯದು. ಕಳೆದ ಸಲ ನಾವು ತಂದಿದ್ದ ಚಿತ್ರಾನ್ನ ಊಟದ ಸಾಲು ಮುಗಿಯುವ ಮೊದಲೇ ಖಾಲಿಯಾಯಿತು. ಮುಂದಿನ ಬೇಸಿಗೆಗೆ ದೊಡ್ಡ ಪಾತ್ರೆಯಲ್ಲಿ ಮಾಡಿಕೊಂಡು ಬನ್ನಿ ಎಂದು ಮುಖ್ಯಸ್ಥೆ ಈಗಲೇ ಹೇಳಿಟ್ಟಿದ್ದಾರೆ. ಎಲಿಸ್ ಕ್ರೀಕ್ ಹತ್ತಿರದ ಎರಡು ಡಿಪ್‌ಗಳ ಬಾಯಿಗೆ ಈ ಸಲ ಕಲ್ಲು ಹಾಸಬೇಕಾಗಿದೆ. ಕಲ್ಲು ಹೊರಲು ಜನ ಬೇಕು.